ಸತ್ತವರ ತಟ್ಟೆಯಲ್ಲಿ ಉಣ್ಣುವ ಮುನಿಗಂಗಮ್ಮ

ಕೋಲಾರ ಸೀಮೆಯ ಆವನಿ ಊರಿಗೆ ಹತ್ತಿರದ ಒಂದು ಹಳ್ಳಿ. ಬೆಳಕು ಈಗಷ್ಟೇ ಹರಿಯುತ್ತಿದೆ. ತಲೆಯ ಮೇಲೆ ಮುತ್ತುಗದೆಲೆಯ ಕಟ್ಟು ಹೊತ್ತ ಹೆಂಗಸೊಬ್ಬರು ಬೀದಿ ಬದಿಯ ತಿಪ್ಪೆಯ ಮುಂದೆ ನಿಲ್ಲುತ್ತಾರೆ. ಕಟ್ಟು ಇಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಿಪ್ಪೆಗೆ ಕೈ ಹಾಕಿ ಒಂದು ಕಂಚಿನ ತಟ್ಟೆಯನ್ನು ಎಳೆದು ತೆಗೆಯುತ್ತಾರೆ.

"ಅಯ್ಯಯ್ಯೋ, ಮುಟ್ಬೇಡ! ಅದು ಸತ್ತೋನ ತಟ್ಟೆ!" ಎಂದು ಎದುರು ಮನೆಯ ಜಗಲಿಯಿಂದ ಕೂಗು ಬರುತ್ತದೆ.

"ಗೊತ್ತು ಕಣಮ್ಮ. ಅದಕ್ಕೇ ಬಂದಿರೋದು" ಎನ್ನುತ್ತಾರೆ ಮುನಿಗಂಗಮ್ಮ. ಹುಣಸೆಹಣ್ಣು, ಬೂದಿ ಹಾಕಿ ತಟ್ಟೆ ಉಜ್ಜತೊಡಗುತ್ತಾರೆ.

ಸತ್ತವನು ಮುನಿಶಾಮಿ, ವ್ಯವಸಾಯದ ಮನುಷ್ಯ. ಕೆನ್ನೆಯೊಳಗೆ ಎದ್ದ ಹುಣ್ಣು ಮೊನ್ನೆ ಅವನನ್ನು ತೆಗೆದುಕೊಂಡು ಹೋಯಿತು. ಡಾಕ್ಟರರು ಇದನ್ನು ಕ್ಯಾನ್ಸರ್ ಎನ್ನುತ್ತಾರೆ. ಇಲ್ಲಿಯವರು ಹೆಸರು ಎತ್ತದೆ "ಆ ಹುಣ್ಣು" ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಉಸಿರು ತಾಕಿದರೆ, ಎಂಜಲು ತಾಕಿದರೆ ಅಂಟುತ್ತದೆ ಎಂಬುದು ಊರ ನಂಬಿಕೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರೇ ಮುದ್ದೆ ಸಾರು ತಂದು ಉಣ್ಣಿಸುತ್ತಾರೆ. ಈ ಮನೆಗೆ ಯಾರೂ ತಂದಿಲ್ಲ.

ಅದಕ್ಕಿಂತ ಘೋರ ಇನ್ನೊಂದಿದೆ. ಮುನಿಶಾಮಿಯ ಹೆಂಡತಿ ಕದಿರಮ್ಮ ಹೊಸ್ತಿಲಲ್ಲಿ ಕೂತಿದ್ದಾಳೆ. ಅವಳ ಪುಟ್ಟ ಮಗಳು ಎದುರು ಜಗಲಿಯಲ್ಲಿ, ವಾರಗಿತ್ತಿ ಆಂಜಿನಮ್ಮನ ಕಂಕುಳಲ್ಲಿದ್ದಾಳೆ. ಗಂಡನ ಹುಣ್ಣು ತೊಳೆದ ಕೈ ಮಗುವಿಗೆ ತಾಕಬಾರದೆಂದು ಕಸಿದುಕೊಂಡು ಹೋಗಿದ್ದಾರೆ. ಮಗು "ಅವ್ವಾ" ಎಂದು ಕೂಗುತ್ತದೆ, ತಾಯಿ ಎದ್ದು ನಿಲ್ಲುತ್ತಾಳೆ, ಆಂಜಿನಮ್ಮ ಒಳಗೆ ಹೋಗಿ ಬಾಗಿಲು ಮುಚ್ಚುತ್ತಾಳೆ. ನಡುವೆ ಇರುವುದು ಒಂದು ಗಾಡಿ ಹೋಗುವಷ್ಟು ಅಗಲದ ಬೀದಿ. ಗಂಡನನ್ನು ಕಳೆದುಕೊಂಡವಳಿಗೆ ಬದುಕಿರುವ ಮಗುವನ್ನೂ ಇಲ್ಲದಂತೆ ಮಾಡಿದ್ದಾರಲ್ಲ ಎಂದು ಮುನಿಗಂಗಮ್ಮನ ಹಿಂದೆ ಬಂದಿರುವ ನಾನು ದಂಗಾಗಿ ನಿಂತಿದ್ದೇನೆ.

ಮುನಿಗಂಗಮ್ಮ ದೇವರಾಯಸಮುದ್ರದವರು, ಐವತ್ತು ದಾಟಿದವರು. ಮುತ್ತುಗದೆಲೆ ಕಿತ್ತು, ಕಡ್ಡಿ ಚುಚ್ಚಿ, ಮದುವೆ ತಿಥಿಗಳಿಗೆ ಊಟದೆಲೆ ಮಾರುವುದು ಅವರ ಕಸುಬು. ಮುಳಬಾಗಿಲು, ಶ್ರೀನಿವಾಸಪುರ, ಕೋಲಾರ, ಎಲ್ಲ ಸಂತೆಗಳಿಗೂ ಕಾಲ್ನಡಿಗೆ. ಪೆಟ್ರೋಲ್ ಸಿಗದ ಈ ಯುದ್ಧಕಾಲದಲ್ಲಿ ಬಸ್ಸನ್ನು ನಂಬಿ ಕೂತರೆ ಸಂತೆಯೇ ಮುಗಿದಿರುತ್ತದೆ ಎಂದು ನಗುತ್ತಾರೆ. ಎಲೆ ಕೊಳ್ಳಲು ಬಂದವರಿಂದ ಸಾವಿನ ಸುದ್ದಿಯೂ ಸಿಗುತ್ತದೆ. "ಆ ಹುಣ್ಣು" ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಕರೆಯದಿದ್ದರೂ ಹೋಗುತ್ತಾರೆ. ಶ್ರೀನಿವಾಸಪುರದ ಸಂತೆಯಲ್ಲಿ ಇದನ್ನು ಕೇಳಿದಾಗ ನನಗೆ ನಂಬಿಕೆ ಬರಲಿಲ್ಲ, ಬೆನ್ನು ಹತ್ತಿ ಬಂದೆ.

ಮನೆಯ ಹೊರಗೆ ಮೂರು ಕಲ್ಲಿಟ್ಟು ಹೂಡಿದ ಒಲೆ ಹತ್ತುತ್ತದೆ. "ಅವನಿಗೆ ಏನಂದ್ರೆ ಆಸೆ ಇತ್ತಮ್ಮ?" ಎಂದು ಮುನಿಗಂಗಮ್ಮ ಕೇಳುತ್ತಾರೆ.

ಕದಿರಮ್ಮ, "ಹುರುಳಿ ಬಸ್ಸಾರು. ಕೊನೇಲಿ ನುಂಗಕ್ಕಾಗ್ತಿರ್ಲಿಲ್ಲ. ವಾಸ್ನೆ ನೋಡ್ತೀನಿ, ಮಾಡೇ ಅಂದ. ನಾನು ಮಾಡ್ಲಿಲ್ಲ ಅಕ್ಕಾ, ಅವನ ಎದುರಿಗೆ ಹೆಂಗೆ ಉಣ್ಣೋದು..." ಎನ್ನುತ್ತಾಳೆ. ಅಲ್ಲಿಯವರೆಗೆ ಒಣಗಿದ್ದ ಕಣ್ಣು ಆಗ ಹರಿಯತೊಡಗುತ್ತದೆ. ಮುನಿಗಂಗಮ್ಮ ಅವಳನ್ನು ಅಳಲು ಬಿಟ್ಟು ಹುರುಳಿ ಬೇಯಿಸುತ್ತಾರೆ.

ಆಮೇಲೆ ನಡೆದದ್ದನ್ನು ಕಣ್ಣಾರೆ ಕಾಣದಿದ್ದರೆ ಬರೆಯುತ್ತಿರಲಿಲ್ಲ. ಅದೇ ಕಂಚಿನ ತಟ್ಟೆಗೆ ಮುದ್ದೆ ಇಟ್ಟು, ಸಾರು ಸುರಿದು, ಇಡೀ ಬೀದಿಗೆ ಕಾಣುವಂತೆ ಜಗಲಿಯಲ್ಲಿ ಕೂತು ಮುನಿಗಂಗಮ್ಮ ಉಣ್ಣುತ್ತಾರೆ. ಅಂಟುರೋಗವಲ್ಲವೆಂದು ಓದಿ ಬಲ್ಲ ನಾನೇ ಒಂದು ಹೆಜ್ಜೆ ಹಿಂದೆ ಸರಿದಿದ್ದೇನೆ. ಅವರು ಒಂದು ತುತ್ತನ್ನು ಕದಿರಮ್ಮನ ಬಾಯಿಗೆ ಹಿಡಿದು, "ತಿನು ತಲ್ಲಿ" ಎನ್ನುತ್ತಾರೆ. ತಿನ್ನು ತಾಯಿ ಎಂಬ ಆ ತೆಲುಗು ಮಾತಿಗೆ ಅವಳು ಬಾಯಿ ತೆರೆಯುತ್ತಾಳೆ.

ಕೈ ತೊಳೆದು ಎದುರು ಮನೆಗೆ ಕೇಳುವಂತೆ ಹೇಳುತ್ತಾರೆ: "ಆಂಜಿನಮ್ಮಾ, ತಿಥಿ ದಿನ ಬರ್ತೀನಿ. ನನ್ನ ಬಾಯಾಗೆ ಹುಣ್ಣು ಎದ್ದಿದ್ರೆ ಮಗೂನ ನೀನೇ ಇಟ್ಕೋ."

ದಾರಿಯಲ್ಲಿ ತಮ್ಮ ಕಥೆ ಹೇಳುತ್ತಾರೆ. ಗಂಡ ಅಪ್ಪಾಜಪ್ಪನಿಗೂ ಇದೇ ಹುಣ್ಣು. ತನ್ನಿಂದ ಹೆಂಡತಿಗೆ ಅಂಟೀತೆಂದು ಅವನೇ ದನದ ಕೊಟ್ಟಿಗೆ ಸೇರಿ ಒಳಗಿನಿಂದ ಅಗುಳಿ ಹಾಕಿಕೊಂಡ. "ಬಾಗ್ಲು ಬಡೀತಿದ್ದೆ ಸಾಮಿ. ತೆಗೀತಿರ್ಲಿಲ್ಲ. ಊಟ ಇಟ್ಟು ನಾನು ದೂರ ಹೋದ್ಮೇಲೇನೇ ಕೈ ಆಚೆ ಬರೋದು. ಕಡೆಗೆ ನಾನು ನೋಡಿದ್ದು ಆ ಕೈಯಷ್ಟೇ." ಅವನು ಹೋದ ಮೇಲೆ, ಕೈಗೆ ಕತ್ತಿ ತಾಗಿ ಇವರು ಆಸ್ಪತ್ರೆಗೆ ಹೋದಾಗ ನರ್ಸಮ್ಮ ಒಬ್ಬರು ಮಾತಿನ ನಡುವೆ ಹೇಳಿದರಂತೆ, ಅದು ಒಬ್ಬರಿಂದ ಒಬ್ಬರಿಗೆ ಬರುವುದಿಲ್ಲ ಎಂದು. "ಅಷ್ಟೇನಾ ಸಾಮಿ? ಆ ಒಂದು ಮಾತು ಗೊತ್ತಿದ್ದಿದ್ರೆ ಬಾಗ್ಲು ಒಡೆದಾದ್ರೂ ಪಕ್ಕದಾಗೆ ಮಲಗ್ತಿದ್ನಲ್ಲ!"

ಸಾಯುವವನ ಪ್ರೀತಿಯೇ ಅವನಿಗೆ ಒಂಟಿ ಸಾವು ತಂದಿತು.

ನರ್ಸಮ್ಮನ ಮಾತನ್ನು ಊರೂರಿನಲ್ಲಿ ಹೇಳಿ ನೋಡಿದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಮಾತು ನಂಬಲ್ಲ. ಬಾಯಿ ನೋಡಿದ್ರೆ ನಂಬ್ತಾರೆ." ಅಂದಿನಿಂದ ಇದೇ ರೀತಿ. ಉಣ್ಣುವುದು, ಮತ್ತೆ ಬಂದು ಬಾಯಿ ತೆರೆದು ತೋರಿಸುವುದು.

ಹನ್ನೊಂದನೆಯ ದಿನದ ತಿಥಿ. ಎಲೆಯ ಕಟ್ಟಿನೊಡನೆ ಮುನಿಗಂಗಮ್ಮ ನೇರವಾಗಿ ಆಂಜಿನಮ್ಮನ ಜಗಲಿ ಹತ್ತುತ್ತಾರೆ. ಬಿಸಿಲಿಗೆ ಮುಖ ಮಾಡಿ ಬಾಯಿ ಅಗಲಿಸುತ್ತಾರೆ. ಬೀದಿಯ ಹೆಂಗಸರು ಸುತ್ತ ಸೇರುತ್ತಾರೆ. ಆಂಜಿನಮ್ಮ ಬಗ್ಗಿ ಎಡಗೆನ್ನೆ, ಬಲಗೆನ್ನೆ, ನಾಲಿಗೆಯ ಅಡಿ ನೋಡುತ್ತಾಳೆ. ಇನ್ನೊಮ್ಮೆ ನೋಡುತ್ತಾಳೆ.

"ಮಗೂಗೆ ಏನಾದ್ರೂ ಆಗಿಬಿಟ್ರೆ ಅಂತ ಹೆದರ್ಕಂಡೆ ಅಕ್ಕಾ" ಎನ್ನುತ್ತಾಳೆ ಅವಳು.

"ಗೊತ್ತಮ್ಮ. ಹೆದರಿಕೆ ಯಾರನ್ನ ಬಿಟ್ಟೈತೆ?"

ಆಂಜಿನಮ್ಮ ಮಗುವನ್ನು ಎತ್ತಿಕೊಂಡು ತಾನೇ ಬೀದಿ ದಾಟುತ್ತಾಳೆ. ಕದಿರಮ್ಮ ಕೈ ಚಾಚುವುದಿಲ್ಲ, ಎರಡೂ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಳ್ಳುತ್ತಾಳೆ. ಅಷ್ಟು ದಿನದಲ್ಲಿ ಅವಳಿಗೂ ತನ್ನ ಕೈಯ ಮೇಲೆ ಭಯ ಹತ್ತಿಬಿಟ್ಟಿದೆ. ಆಂಜಿನಮ್ಮ ಆ ಕೈಗಳನ್ನು ಹಿಡಿದು ಮುಂದಕ್ಕೆ ಎಳೆದು ಮಗುವನ್ನು ಇಡುತ್ತಾಳೆ.

ಮುನಿಗಂಗಮ್ಮ ಆಗಲೇ ಎಲೆ ಹಾಸುತ್ತಿದ್ದಾರೆ. ಇಷ್ಟೆಲ್ಲ ಮಾಡುವ ನಿಮಗೇನು ಬೇಕು ಎಂದು ನಾನು ಕೇಳುತ್ತೇನೆ.

"ನನಗೇನು ಬೇಕು ಸಾಮಿ? ಯಾರೂ ನನ್ನ ಬಾಯಿ ನೋಡ್ದೇನೇ ಮಗೂನ ತಾಯಿ ಕೈಗೆ ಕೊಟ್ಬಿಡೋ ಕಾಲ ಬಂದ್ರೆ ಸಾಕು."