ಹಿಂದಿನ ಸೀಟಿನಲ್ಲಿ ದಾವಲಸಾಬರು

ದಾವಲಸಾಬರಿಗೆ ನಿದ್ದೆ ಹತ್ತಿದರೆ ಮಾತ್ರ ನಮ್ಮ ಕಡೆಯ ಕಾಲೇಜು ಹುಡುಗರ ಕೈಗೆ ಕಾರಿನ ಕೀಲಿ ಬರುತ್ತಿತ್ತು. ಇದನ್ನು ನಾನು ಹೇಳಿದರೆ ಈಗಿನವರು ನಗುತ್ತಾರೆ. ಆದರೆ ಪದ್ಧತಿ ಇದ್ದದ್ದೇ ಹಾಗೆ. ಬೆಟಗೇರಿಯಲ್ಲಿ ಅವರದೊಂದು ತಗಡಿನ ಶೆಡ್ಡು. ಹುಡುಗನೊಬ್ಬ ಕಾರು ತಂದು ನಿಲ್ಲಿಸಿದರೆ ಅವರು ಬಾನೆಟ್ ಎತ್ತುತ್ತಿರಲಿಲ್ಲ. ಚಪ್ಪಲಿಯನ್ನು ಶೆಡ್ಡಿನ ಬಾಗಿಲಲ್ಲೇ ಬಿಟ್ಟು, ಬರಿಗಾಲಲ್ಲಿ ಬಂದು ಹಿಂದಿನ ಸೀಟಿನಲ್ಲಿ ಕೂತು, "ಹೊಡಿ, ಕಣಗಿನಹಾಳದ ತನಕ" ಎಂದು ಕಣ್ಣು ಮುಚ್ಚುತ್ತಿದ್ದರು. ಹೋಗಿ ಬರುವುದರೊಳಗೆ ನಿದ್ದೆ ಹತ್ತಿದರೆ ಗಾಡಿಯೂ ಪಾಸು, ಹುಡುಗನೂ ಪಾಸು. ಹತ್ತದಿದ್ದರೆ ಇಬ್ಬರಲ್ಲಿ ಒಬ್ಬರಿಗೆ ರಿಪೇರಿ.

ಜಿಲ್ಲೆ ಆಗ ಹೊಸದು. ಅಂಗಡಿಗಳ ಬೋರ್ಡುಗಳಲ್ಲಿ ಧಾರವಾಡ ಜಿಲ್ಲೆಯನ್ನು ಅಳಿಸಿ ಗದಗ ಜಿಲ್ಲೆ ಎಂದು ಬರೆಸುತ್ತಿದ್ದ ಕಾಲ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಉಳ್ಳವರ ಮಕ್ಕಳು ಗದಗಿನ ಕಾಲೇಜಿಗೆ ಕಾರಿನಲ್ಲಿ ಬರುವ ಶೋಕಿ ಆಗಷ್ಟೇ ಶುರುವಾಗಿತ್ತು. ಕಾರೆಂದರೆ ಹೊಸ ಕಾರಲ್ಲ, ಮನೆಯಲ್ಲಿ ಮತ್ತೊಬ್ಬರಿಗೆ ಬೇಡವಾದದ್ದು. ಅಜ್ಜನ ಅಂಬಾಸಿಡರ್, ಗುತ್ತಿಗೆದಾರ ಸೋದರಮಾವ ಬಿಟ್ಟುಕೊಟ್ಟ ಜೀಪು, ಡಾಕ್ಟರರಿಂದ ಮಾಸ್ತರರಿಗೆ, ಮಾಸ್ತರರಿಂದ ಅಡತಿ ಅಂಗಡಿಯವರಿಗೆ ಬಂದು ನಾಲ್ಕನೆಯ ಕೈಗೆ ಬಿದ್ದ ಸಣ್ಣ ಕಾರು. ಶಿರಹಟ್ಟಿಯ ಹುಡುಗರ ಜೀಪಿನಲ್ಲಿ ಹನ್ನೊಂದು ಜನ ಇಳಿಯುತ್ತಿದ್ದರು. ಅವರಲ್ಲಿ ಕ್ಲಾಸಿಗೆ ಎಷ್ಟು ಮಂದಿ ಹೋಗುತ್ತಿದ್ದರು ಎನ್ನುವುದು ಬೇರೆ ಮಾತು. ಕಾರು ಕೈಗೆ ಬಂದ ವಾರದೊಳಗೆ ಕಿಟಕಿಗೆ ಕರಿ ಹಾಳೆ, ಡಿಕ್ಕಿಯಲ್ಲಿ ದೊಡ್ಡ ಸ್ಪೀಕರ್, ಹಿಂದಿನ ಗಾಜಿನ ಮೇಲೆ 'ತಾಯಿಯ ಆಶೀರ್ವಾದ'. ಕಾರು ಕೊಟ್ಟ ತಂದೆಯ ಹೆಸರು ಎಲ್ಲೂ ಇರುತ್ತಿರಲಿಲ್ಲ.

ಇವನ್ನೆಲ್ಲ ದಾವಲಸಾಬರು ಒಂದು ಸುತ್ತು ಹಾಕಿ ನೋಡುತ್ತಿದ್ದರು. "ಕಾಲೇಜ ಗಾಡಿಗೆ ಮುಂದ ಎರಡು ಹಾರ್ನ್ ಇರತಾವ, ಹಿಂದ ಒಂದು ಲೈಟ್ ಇರಂಗಿಲ್ಲ. ಮುಂದ ಕುಂತಾಂವ ಕನ್ನಡಿ ನೋಡತಾನ, ಹಿಂದ ಕುಂತಾಂವ ದೇವರನ್ನ ನೆನಸತಾನ," ಎನ್ನುತ್ತಿದ್ದರು. ನಗುತ್ತಿರಲಿಲ್ಲ. ಎಣ್ಣೆ ಹತ್ತಿದ ಅಂಗಿ, ಬಿಳಿ ಗಡ್ಡ, ಕಿವಿಯ ಹಿಂದೆ ಸದಾ ಸಿಗಿಸಿಕೊಂಡ ಒಂದು ಪೆನ್ಸಿಲ್. ಆ ಪೆನ್ಸಿಲಿನಿಂದ ಅವರು ಏನನ್ನಾದರೂ ಬರೆದದ್ದನ್ನು ನಾನು ನೋಡಿಲ್ಲ.

ನಿದ್ದೆಯ ಪರೀಕ್ಷೆ ಎಲ್ಲಿಂದ ಬಂತೆಂದು ಒಮ್ಮೆ ಕೇಳಿದ್ದೆ. ಹರೆಯದಲ್ಲಿ ಅವರು ಮುಂಡರಗಿ ಕಡೆಯ ಸಾವಕಾರರೊಬ್ಬರ ಕಾರು ಹೊಡೆಯುತ್ತಿದ್ದರಂತೆ. "ಸಾವಕಾರ್ರು ಬಾಯಿ ಬಿಟ್ಟು ಒಂದಿನ ಶಾಬಾಸ್ ಅಂದಾವರಲ್ಲ. ಆದ್ರ ಹತ್ತಿದ ಕೂಡ್ಲೇ ಮಲಗತಿದ್ರು. ನಾ ತಪ್ಪು ಮಾಡಿದಾಗ ಏಳತಿದ್ರು. ಹನ್ನೆರಡು ವರ್ಷ ಹೊಡದೆ. ಏಳಿಸಿದ್ದು ಮೂರ ಸಲ," ಎಂದಿದ್ದರು. ಬರಿಗಾಲಿಗೂ ಕಾರಣವಿತ್ತು. "ಕಣ್ಣು ಮುಚ್ಚಿದ ಮ್ಯಾಲೆ ನೋಡೂದೆಲ್ಲಾ ಅಂಗಾಲಿಂದ."

ಹುಡುಗರು ಬಿಡುತ್ತಾರೆಯೇ? ಮುಂಡರಗಿಯ ಒಬ್ಬ, ನನ್ನದೇ ಕ್ಲಾಸಿನವನು, ಉಪಾಯ ಹೂಡಿದ. ಮಟಮಟ ಮಧ್ಯಾಹ್ನ ದಾವಲಸಾಬರನ್ನು ಖಾನಾವಳಿಗೆ ಕರೆದೊಯ್ದು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೆ ಗಟ್ಟಿ ಮೊಸರು ಕೊಡಿಸಿದ. ಬೇಡವೆಂದರೂ ಎರಡು ಹೋಳಿಗೆ. ಆಮೇಲೆ ಕಾರಿಗೆ ಹತ್ತಿಸಿ ಹಾಡು ಬಂದ್ ಮಾಡಿ ಮೆಲ್ಲಗೆ ಹೊರಟ. ಕಣಗಿನಹಾಳ ಮುಟ್ಟಿ ತಿರುಗಿದರೂ ಹಿಂದೆ ಸದ್ದಿಲ್ಲ. ಗೆದ್ದೆನೆಂದುಕೊಂಡು ಶೆಡ್ಡಿನ ಮುಂದೆ ನಿಲ್ಲಿಸಿದರೆ ಕಣ್ಣು ಮುಚ್ಚಿಕೊಂಡೇ ಅವರು ಹೇಳಿದರಂತೆ, "ಊಟ ಭಾಳ ಚಲೋ ಇತ್ತಪಾ. ಎಡಕಿನ ಹಿಂದಿನ ಗಾಲಿ ಬೇರಿಂಗ್ ಹೋಗೇತಿ." ಬಿಚ್ಚಿ ನೋಡಿದರೆ ಹೋಗಿಯೇ ಇತ್ತು. ಅಂದಿನಿಂದ ಅವರ ಮಾತು ಊರೂರಿಗೆ ಹಬ್ಬಿತು. "ದಾವಲಸಾಬ ಮಲಗಿದನೇನು?" ಎಂದು ಕೇಳದೆ ಅಪ್ಪಂದಿರು ಕೀಲಿ ಕೊಡುವುದು ನಿಂತುಹೋಯಿತು.

ನನ್ನ ಅಪ್ಪನೂ ಕೇಳಿದವರೇ. ಲಕ್ಷ್ಮೇಶ್ವರದಲ್ಲಿ ನಮ್ಮದು ಅರಿವೆ ಅಂಗಡಿ. ನಾನು ಗದಗಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ ಓದುತ್ತಿದ್ದೆ. ಪ್ರಾಕ್ಟಿಕಲ್ ಮುಗಿಯುವುದು ಸಂಜೆ ಐದೂವರೆಗೆ. ಆಮೇಲೆ ಸಿಗುವ ಬಸ್ಸು ತುಂಬಿ ತುಳುಕುತ್ತಿತ್ತು, ಕೆಲವೊಮ್ಮೆ ನಿಲ್ಲಿಸುತ್ತಲೇ ಇರಲಿಲ್ಲ. ಒಂದು ದಿನ ದೊಡ್ಡಪ್ಪ ಅಂಗಡಿಯಲ್ಲಿ ಕೂತು ತೀರ್ಪು ಕೊಟ್ಟರು: "ಕಲ್ತದ್ದು ಸಾಕು. ಹೆಣ್ಣುಡುಗಿ ಕತ್ತಲದಾಗ ಬಸ್ಸಿಗೆ ಜೋತುಬಿದ್ದು ಬರೂದು ನಮ್ಮ ಮನಿತನಕ್ಕ ಚಂದ ಅಲ್ಲ." ಮನೆಯಲ್ಲಿ ಒಂದು ಅಂಬಾಸಿಡರ್ ಇತ್ತು, ಡ್ರೈವರ್ ಕೆಲಸ ಬಿಟ್ಟ ಮೇಲೆ ಹಂದರದ ಕೆಳಗೆ ನಿಂತೇ ಇತ್ತು. ಭಾನುವಾರ ಬಯಲಿನಲ್ಲಿ ಅಪ್ಪನೇ ನನಗೆ ಕಲಿಸಿದ್ದರು, ಲೈಸೆನ್ಸೂ ಆಗಿತ್ತು. ಕಾರಿನಲ್ಲಿ ಹೋಗಿ ಬರುತ್ತೇನೆ ಎಂದೆ. ಅಪ್ಪ ದೊಡ್ಡಪ್ಪನ ಮುಖ ನೋಡಿದರು, ನನ್ನ ಮುಖ ನೋಡಿದರು. "ದಾವಲಸಾಬ ಮಲಗಿದ್ರ ನಂದೇನು ತಕರಾರಿಲ್ಲ. ಸೋಮವಾರದ ಒಳಗ ಆಗಬೇಕು," ಎಂದರು. ಅವರೇ ಗದಗಿನ ತನಕ ಕಾರು ತಂದು ಶೆಡ್ಡಿನಲ್ಲಿ ಬಿಟ್ಟು ಹೋದರು.

ಗುರುವಾರ ಮೊದಲ ಸಲ. ಹೆಣ್ಣುಮಗಳು ಕಾರು ಹೊಡೆಯುತ್ತಾಳೆಂದು ದಾವಲಸಾಬರು ಹುಬ್ಬೇರಿಸಲಿಲ್ಲ, ಚಪ್ಪಲಿ ಬಿಟ್ಟು ಹಿಂದೆ ಕೂತರು, ಅಷ್ಟೇ. ತಿರುಗಿ ಬಂದ ಮೇಲೆ ಕುತ್ತಿಗೆ ಸವರಿಕೊಂಡು ಹೇಳಿದರು, "ನೀ ಗೇರ್ ಬದಲಿಸಿದಾಗೊಮ್ಮೆ ನನ್ನ ಕುತ್ತಿಗಿ ಹೂಂ ಹೂಂ ಅಂತೈತಿ ತಂಗಿ. ಇಷ್ಟು ಹೂಂ ನಾ ನನ್ನ ನಿಕಾದಾಗೂ ಅಂದಿಲ್ಲ." ಶುಕ್ರವಾರ ಎರಡನೆಯ ಸಲ. ಗೇರ್ ಸರಿಯಾಯಿತು, ದಾರಿಗೆ ಎಮ್ಮೆ ಅಡ್ಡ ಬಂತು, ನಾನು ಬ್ರೇಕಿನ ಮೇಲೆ ನಿಂತುಬಿಟ್ಟೆ. "ಎಮ್ಮಿ ಎಲ್ಲಿಂದಲೂ ಜಿಗದು ಬರಂಗಿಲ್ಲ. ಅದು ಹೊಲದಾಗಿಂದ ಬರಾಕ ಹತ್ತಿದಾಗನ ನಿನ್ನ ಕಾಲು ಎತ್ತಬೇಕಿತ್ತು," ಎಂದರು.

ನಾನು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತೆ. ನಾನು ಸುಲಭಕ್ಕೆ ಅಳುವವಳಲ್ಲ. ಇಂದಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. "ಕಾಕಾ, ನೀವು ಮಲಗಲಿಲ್ಲ ಅಂದ್ರ ಸೋಮವಾರದಿಂದ ನನ್ನ ಕಾಲೇಜು ಬಂದ್," ಎಂದೆ.

ಅವರು ಕಿವಿಯ ಹಿಂದಿನ ಪೆನ್ಸಿಲ್ ಸರಿಮಾಡಿಕೊಂಡರು. "ಏನ ಕಲಿಯಾಕತ್ತಿ?"

"ರಸಾಯನಶಾಸ್ತ್ರ."

"ಬ್ಯಾಟರಿ ಒಳಗಿನ ಆಸಿಡ್ ಅದರಾಗ ಬರತೈತೇನು?"

"ಬರತೈತ್ರಿ."

"ಹಂಗಾರ ನಾಳೆ ಬಾ. ನಿಮ್ಮಪ್ಪನ್ನೂ ಕರಕೊಂಡು ಬಾ. ಅವರೂ ನೋಡಲಿ."

ಶನಿವಾರ ಅಪ್ಪ ನನ್ನ ಪಕ್ಕದಲ್ಲಿ ಕೂತರು. ದಾವಲಸಾಬರು ಎಂದಿನಂತೆ ಬರಿಗಾಲಲ್ಲಿ ಹಿಂದೆ ಕೂತರು. ಬೆಟಗೇರಿ ದಾಟಿ ಎರಡು ಮೈಲಿಯೂ ಆಗಿರಲಿಲ್ಲ, ಹಿಂದಿನಿಂದ ಹಿಟ್ಟಿನ ಗಿರಣಿ ಚಾಲೂ ಆದಂತೆ ಗೊರಕೆ ಎದ್ದಿತು. ಅಪ್ಪ ನನ್ನನ್ನು ನೋಡಿದರು. ನಾನು ರಸ್ತೆಯನ್ನೇ ನೋಡುತ್ತಿದ್ದೆ. ಒಂದು ಕಡೆ ಗೇರ್ ಕಟಕ್ ಎಂದಿತು, ನನ್ನ ಎದೆಯೂ; ಗೊರಕೆ ಮಾತ್ರ ನಿಲ್ಲಲಿಲ್ಲ. ಕಣಗಿನಹಾಳಕ್ಕೆ ಹೋಗಿ ತಿರುಗಿ ಬರುವವರೆಗೂ ಅದು ನಡೆದೇ ಇತ್ತು. ಶೆಡ್ಡು ಬಂದಾಗ ಅಪ್ಪ ಅವರ ಭುಜ ಮುಟ್ಟಿ ಎಬ್ಬಿಸಬೇಕಾಯಿತು. "ಊರು ಬಂತೇನ್ರಿ?" ಎಂದು ಕಣ್ಣುಜ್ಜಿಕೊಂಡರು. ಅಪ್ಪ ಅಲ್ಲೇ ಕೀಲಿಯನ್ನು ನನ್ನ ಕೈಯಲ್ಲಿಟ್ಟರು. ದೊಡ್ಡಪ್ಪನಿಗೆ ಏನು ಹೇಳಿದರೋ ನನಗೆ ಗೊತ್ತಿಲ್ಲ, ಸೋಮವಾರ ನಾನು ಕಾಲೇಜಿಗೆ ಹೋದೆ.

ಆ ಮೇಲೆ ನನ್ನ ಜಂಬ ಹೇಳತೀರದು. ನಮ್ಮ ಕ್ಲಾಸಿನಲ್ಲಿ ಪಾಸಾದ ಹುಡುಗರನ್ನು ಕೇಳಿದರೆ, ದಾವಲಸಾಬರು ಎದೆಗೆ ಗದ್ದ ಹಚ್ಚಿ ಸುಮ್ಮನೆ ಮಲಗಿದ್ದರು ಎಂದರು. ಯಾರ ಕಾರಿನಲ್ಲೂ ಗೊರಕೆ ಹೊಡೆದಿರಲಿಲ್ಲ. ನಿಮಗೆ ಬರೀ ಪಾಸು, ನನಗೆ ಫಸ್ಟ್ ಕ್ಲಾಸು ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದೆ. ಮದುವೆಯಾದ ಮೇಲೆ ಗಂಡನಿಗೂ ಹೇಳಿದ್ದೆ, ಮಗ ಕಾರು ಕಲಿಯುವಾಗ ಅವನಿಗೂ.

ಒಂದೇ ತೊಂದರೆಯೆಂದರೆ ನಮ್ಮ ಅಂಬಾಸಿಡರಿಗೆ ಪ್ರತಿ ಶನಿವಾರ ಗ್ರೀಸ್ ಹಾಕಿಸಬೇಕಿತ್ತು. ಬೇರೆಯವರ ಗಾಡಿಗೆ ತಿಂಗಳಿಗೊಮ್ಮೆ ಸಾಕಾಗುತ್ತಿತ್ತು. "ನಿಮ್ಮ ಗಾಡಿ ಕೀಲು ಭಾಳ ನಾಜೂಕ ಅದಾವ," ಎಂದು ದಾವಲಸಾಬರು ಕಟ್ಟುನಿಟ್ಟು ಮಾಡಿದ್ದರು. ಗ್ರೀಸ್ ಹಾಕಿದ ಮೇಲೆ ಓಡಿಸಿ ನೋಡಲೇಬೇಕು. ಆಗ ಅವರು ನನ್ನ ಪಕ್ಕದಲ್ಲೇ ಕೂತು ಕಣ್ಣು ತೆರೆದುಕೊಂಡಿರುತ್ತಿದ್ದರು. ಒಂದು ಶನಿವಾರ ಸಂತೆಯ ಗದ್ದಲದಲ್ಲಿ, ಇನ್ನೊಂದು ಶನಿವಾರ ಹತ್ತಿಯ ಟ್ರಾಕ್ಟರುಗಳ ಹಿಂದೆ, ಮತ್ತೊಂದು ಶನಿವಾರ ಅಂತೂರ ಬೆಂತೂರದ ಕಡೆ ಮಳೆಯಾದ ಎರೆಮಣ್ಣಿನ ದಾರಿಯಲ್ಲಿ. ದೀಪಾವಳಿಗೆ ಶುರುವಾದದ್ದು ಯುಗಾದಿಯ ತನಕ ನಡೆಯಿತು. ಆಮೇಲೆ ಒಂದು ದಿನ, "ಇನ್ನ ತಿಂಗಳಿಗೊಮ್ಮೆ ಬಂದ್ರ ಸಾಕು," ಎಂದರು. ಕೀಲುಗಳು ಗಟ್ಟಿಯಾದವು ಎಂದುಕೊಂಡೆ.

ನಾನು ಗದಗಿನಲ್ಲೇ ಮಾಸ್ತರಿಕೆಗೆ ಸೇರಿದೆ, ಅದೇ ರಸಾಯನಶಾಸ್ತ್ರ. ಈಗಿನ ಹುಡುಗರ ಕಾರುಗಳು ತಮ್ಮ ದೋಷವನ್ನು ತಾವೇ ಸ್ಟೇರಿಂಗಿನ ಮುಂದಿನ ಹಲಗೆಯ ಮೇಲೆ ಬರೆದು ತೋರಿಸುತ್ತವೆ, ಯಾರೂ ಹಿಂದೆ ಕೂತು ಕಣ್ಣು ಮುಚ್ಚಬೇಕಾಗಿಲ್ಲ. ದಾವಲಸಾಬರ ಮೊಣಕಾಲು ಸೋತವು, ಶೆಡ್ಡು ಮುಚ್ಚಿತು. ಮುಂಡರಗಿಯಲ್ಲಿದ್ದ ಮಗಳ ಮನೆಗೆ ಗಂಡ ಹೆಂಡತಿ ಹೋಗಿ ಇರುವುದೆಂದು ನಿಶ್ಚಯವಾದಾಗ, ನಾನೇ ಬಿಟ್ಟು ಬರುತ್ತೇನೆ ಎಂದೆ.

ಒಂದು ಭಾನುವಾರ ಮಧ್ಯಾಹ್ನ ಹೊರಟೆವು. ಅವರ ಹೆಂಡತಿ ಮಾಬೂಬಿ ಚಾಚಿ ನನ್ನ ಪಕ್ಕದಲ್ಲಿ. ಅವರು ಹಿಂದೆ. "ಹಿಂದಿನ ಸೀಟ ನನಗ ರೂಢಿ," ಎಂದರು. ಅಂದು ಚಪ್ಪಲಿ ಬಿಡಲಿಲ್ಲ. ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ ಕನ್ನಡಿಯಲ್ಲಿ ನೋಡಿದೆ. ತಲೆ ಕಿಟಕಿಗೆ ಒರಗಿತ್ತು, ಬಾಯಿ ಅರ್ಧ ತೆರೆದಿತ್ತು, ಸದ್ದೇ ಇಲ್ಲ. ಮತ್ತೊಂದು ಮೈಲಿ ಹೋದರೂ ಸದ್ದಿಲ್ಲ. ನನಗೆ ಹೆದರಿಕೆಯಾಯಿತು. ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿದೆ.

"ಯಾಕ ನಿಲ್ಲಿಸಿದಿ?" ಎಂದರು ಚಾಚಿ.

"ಕಾಕಾಗ ಏನರೆ ಆತೇನು ನೋಡ್ರಿ ಚಾಚಿ. ಗೊರಕಿನ ಇಲ್ಲ."

ಚಾಚಿ ತಿರುಗಿ ನೋಡಿ ನಕ್ಕುಬಿಟ್ಟರು. "ಅವರದು ಉಸಿರಿನ ಸಪ್ಪಳಾನೂ ಬರಂಗಿಲ್ಲ ತಂಗಿ. ಐವತ್ತ ವರ್ಷ ಆತು ನಿಕಾ ಆಗಿ. ಒಂದಿನ ಗೊರಕಿ ಕೇಳಿಲ್ಲ ನಾನು."

ಹಾಗಾದರೆ ಆ ಶನಿವಾರದ ಗೊರಕೆ? ಮುಂದೆ ಕೂತ ಅಪ್ಪನಿಗೆ ಹಿಂದಿನದು ಕಾಣುವುದಿಲ್ಲ, ಕೇಳಬೇಕು. ಆ ಗೊರಕೆ ಅಪ್ಪನಿಗಾಗಿ ಇತ್ತು. ಆಮೇಲಿನ ಗ್ರೀಸಿನ ಶನಿವಾರಗಳೆಲ್ಲ ನನಗಾಗಿ. ಇಪ್ಪತ್ತೈದು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದ ಫಸ್ಟ್ ಕ್ಲಾಸು ಬೇವಿನ ಮರದ ಕೆಳಗೆ ಹೋಯಿತು. ನನಗೆ ಅಳು ಬಂತು, ನಗುವೂ ಬಂತು.

ಮಾತಿಗೆ ಅವರಿಗೆ ಎಚ್ಚರವಾಯಿತು. "ಯಾಕ ನಿಲ್ಲಿಸಿದಿ ತಂಗಿ? ಈಗರ ನಿದ್ದಿ ಹತ್ತಿತ್ತು."

"ಕಾಕಾ, ಆವತ್ತು ಅಪ್ಪ ಬಂದಾಗ ನೀವು ಮಲಗಿದ್ದಿಲ್ಲ."

ಅವರು ಕಣ್ಣು ತೆರೆಯಲಿಲ್ಲ. "ನಾನೂ ಮಲಗಿದ್ರ ಆವತ್ತು ಗಾಡಿ ಯಾರು ನೋಡತಿದ್ರು?" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಹೊಡಿ ಇನ್ನ," ಎಂದರು.

ನಾನು ಹೊಡೆದೆ. ಗೇರನ್ನು ಅಷ್ಟು ಮೆತ್ತಗೆ ಎಂದೂ ಬದಲಿಸಿರಲಿಲ್ಲ. ಎರಡು ಕಡೆ ಎಮ್ಮೆಗಳು ಸಿಕ್ಕವು, ಅವು ಹೊಲದಲ್ಲಿರುವಾಗಲೇ ಕಾಲೆತ್ತಿದೆ. ಕನ್ನಡಿಯಲ್ಲಿ ಅವರ ತಲೆ ಮತ್ತೆ ಕಿಟಕಿಗೆ ಒರಗಿತು.

ಮರುವರ್ಷ ಬೇಸಿಗೆಯಲ್ಲಿ ಅವರು ಮುಂಡರಗಿಯಲ್ಲೇ ತೀರಿಕೊಂಡರು. ಪರೀಕ್ಷೆಯ ಕೆಲಸದಲ್ಲಿದ್ದ ನನಗೆ ಖಬರ ತಡವಾಗಿ ಬಂತು, ಮಣ್ಣಿಗೆ ಹೋಗಲಾಗಲಿಲ್ಲ. ಹಾಗಾಗಿ ನನಗೆ ಅವರ ಕೊನೆಯ ನೆನಪು ಆ ಭಾನುವಾರದ್ದೇ. ಮುಂಡರಗಿಯಲ್ಲಿ ಮಗಳ ಮನೆಯ ಮುಂದೆ ಕಾರು ನಿಲ್ಲಿಸಿದಾಗ ಅವರಿಗೆ ಗಾಢ ನಿದ್ದೆ. ಮಗಳು ಓಡಿ ಬಂದು ಬಾಗಿಲಿಗೆ ಕೈ ಹಾಕಿದಳು. ನಾನು ಬೇಡವೆಂದು ಸನ್ನೆ ಮಾಡಿದೆ. ಕಾರು ಬಂದ್ ಮಾಡಿ, ಅವರಾಗಿ ಏಳುವ ತನಕ ಕೂತೇ ಇದ್ದೆ.