ಅಂಬೂಬಾಯಿ ಎತ್ತಿದ ಕೈ

ಭಾಲ್ಕಿಯ ರೈಲ್ವೆ ಗೇಟಿನ ಈಚೆಯ ಗಲ್ಲಿಯಲ್ಲಿ ಅಂಬೂಬಾಯಿಯನ್ನು ಇವತ್ತಿಗೂ ಅಧ್ಯಕ್ಷಬಾಯಿ ಅಂತಲೇ ಕರೆಯುತ್ತಾರೆ. ಅಧ್ಯಕ್ಷಗಿರಿ ಹೋಗಿ ವರ್ಷವಾಯಿತು, ಹೆಸರು ಮಾತ್ರ ಹೋಗಲಿಲ್ಲ. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಹೆಂಗಸು ಯಾವ ದೊಡ್ಡ ಸಂಸ್ಥೆಯ ಅಧ್ಯಕ್ಷೆ ಅಂತೀರಾ? ಗಲ್ಲಿಯ ಸರ್ಕಾರಿ ಶಾಲೆಯ ಉಸ್ತುವಾರಿ ಸಮಿತಿಯದು! ಮೂರು ವರ್ಷ ಆಕೆ ತಾನೂ ಕೂರಲಿಲ್ಲ, ಇನ್ನೊಬ್ಬರನ್ನೂ ಕೂರಲು ಬಿಡಲಿಲ್ಲ. ನಲ್ಲಿ ಹಾಕಿಸಿದಳು, ಹುಡುಗಿಯರಿಗೆ ಶೌಚಾಲಯ ಕಟ್ಟಿಸಿದಳು, ಬಿಸಿಯೂಟದ ಬೇಳೆ ನೀರಾಗಿದ್ದ ದಿನ ಸೌಟು ಹಿಡಿದುಕೊಂಡೇ ಶಿಕ್ಷಣ ಇಲಾಖೆಯ ಆಫೀಸಿಗೆ ನುಗ್ಗಿದಳು. ಸಾಹೇಬರು ಹೆದರಿದ್ದು ಆಕೆಗೋ ಸೌಟಿಗೋ ದೇವರೇ ಬಲ್ಲ, ಮರುದಿನದಿಂದ ಬೇಳೆ ಗಟ್ಟಿಯಾಯಿತು.

ಆದರೆ ಶಿಕ್ಷಕರನ್ನು ಮಾತ್ರ ತರಿಸಲು ಆಕೆಯಿಂದಾಗಲಿಲ್ಲ. ಐದು ತರಗತಿಗೆ ಇಬ್ಬರು, ಅವರಲ್ಲೂ ಒಬ್ಬರು ಯಾವಾಗ ನೋಡಿದರೂ ಒಂದಿಲ್ಲೊಂದು ಸರ್ವೆ ಡ್ಯೂಟಿಯ ಮೇಲೆ. ಗೇಟಿನ ಆಚೆಯದೂ ಸರ್ಕಾರಿ ಶಾಲೆಯೇ. ಅಲ್ಲಿ ಇಂಗ್ಲಿಷ್ ಮಾಧ್ಯಮ, ತರಗತಿಗೊಬ್ಬ ಶಿಕ್ಷಕರು, ಗೋಡೆಗೊಂದು ದೊಡ್ಡ ಟಿವಿ. ಆ ಕಡೆಯ ಬಡಾವಣೆಯ ಅಂಗಡಿಕಾರರು, ನೌಕರರು ಕೂಡಿ ಫ್ಯಾನು, ಬೆಂಚು ಕೊಡಿಸಿದ್ದರು. ಈಚೆಯ ಗಲ್ಲಿಯವರು ಇಟ್ಟಂಗಿ ಭಟ್ಟಿಗೆ, ಕಬ್ಬು ಕಡಿಯಲು ಹೋಗುವ ಮಂದಿ. ಅವರು ಏನು ಕೊಡಿಸಿಯಾರು? ಸರ್ಕಾರ ಒಂದೇ, ಕುಡಿಸುವ ಹಾಲಿನ ಪುಡಿಯೂ ಒಂದೇ. ನಡುವೆ ಇರುವುದು ರೈಲಿನ ಎರಡು ಕಂಬಿ, ಅಷ್ಟೇ.

ಹೋದ ವರ್ಷ ಆಚೆಯ ಶಾಲೆಯಲ್ಲಿ ಸೀಟು ಉಳಿದವು. ಹೆಡ್‌ಮಾಸ್ತರ್ ಶಿವರಾಜಪ್ಪ ಗೇಟು ದಾಟಿ ಬಂದು, ಕಳಿಸ್ರಿ ಕಳಿಸ್ರಿ ಎಂದು ಕರೆದರು. ಅಂಬೂಬಾಯಿ ತನ್ನ ಮಗಳು ಪ್ರಣಾಲಿಯನ್ನು ನಾಲ್ಕನೆಯ ತರಗತಿಗೆ ಸೇರಿಸಿದಳು. ಮಗು ಇದ್ದ ಶಾಲೆಯ ಸಮಿತಿಯಲ್ಲಷ್ಟೇ ತಂದೆತಾಯಿಗೆ ಜಾಗ, ಹೀಗಾಗಿ ಅಧ್ಯಕ್ಷಗಿರಿ ಅವತ್ತೇ ಹೋಯಿತು. ಗಲ್ಲಿಯವರು ಏನಂದಾರೋ ಎಂದು ಆಕೆಗೆ ಹೆದರಿಕೆಯಿತ್ತು. ಪುಣ್ಯಕ್ಕೆ ಯಾರೂ ಏನೂ ಅನ್ನಲಿಲ್ಲ. ಪಕ್ಕದ ಮನೆಯ ಶಾಕಿರಾ ಬೇಗಂ, ದಿನಾ ಒಲೆಯ ಮುಂದೆ ಕೂತು ಆಕೆ ಬಡಿದ ರೊಟ್ಟಿ ಬೇಯಿಸುವ ಗೆಳತಿ, ಒಂದೇ ಮಾತು ಕೇಳಿದಳು.

"ಮುಂದಿನ ವರ್ಷ ನಮ್ಮ ಸಣ್ಣಾಕಿ ಒಂದನೇತ್ತಾಕ ಬರ್ತಾಳ. ಆಕಿಗೂ ಅಲ್ಲೇ ಹಚ್ಚೋಣೇನು ಅಕ್ಕಾ?"

"ಹಚ್ಚೋಣೇನು ಅಂತ ಯಾಕ ಕೇಳ್ತಿ? ನಾನೇ ಕೈ ಹಿಡಕೊಂಡು ಹೋಗಿ ಹಚ್ತೇನಿ. ನೀ ಫಿಕರ್ ಮಾಡಬ್ಯಾಡ," ಎಂದಳು ಅಂಬೂಬಾಯಿ.

ಪ್ರಣಾಲಿ ವರ್ಷದೊಳಗೆ ಕಂಡಕಂಡದ್ದನ್ನೆಲ್ಲ ಇಂಗ್ಲಿಷಿನಲ್ಲಿ ಓದತೊಡಗಿದಳು. ಔಷಧದ ಬಾಟಲಿ, ಲಾರಿಯ ಬೆನ್ನು, ಸಾಬೂನಿನ ಕಾಗದ, ಒಂದನ್ನೂ ಬಿಡಲಿಲ್ಲ. ಸರಿಯೋ ತಪ್ಪೋ ಅಂಬೂಬಾಯಿಗೆ ತಿಳಿಯದು, ಆದರೂ ಕೇಳುತ್ತ ಕೂತರೆ ಹಿಟ್ಟು ಆರಿದ್ದೂ ಗೊತ್ತಾಗುತ್ತಿರಲಿಲ್ಲ. ಈ ಹುಡುಗಿಯ ಓದಿಗೆ ಏನೂ ಅಡ್ಡ ಬರಬಾರದು, ಆಕೆಗೆ ಬೇಕಾದದ್ದು ಇಷ್ಟೇ.

ಈ ವರ್ಷ ಕತೆಯೇ ಬೇರೆಯಾಯಿತು. ಖಾಸಗಿ ಶಾಲೆಗಳ ಫೀಸಿಗೆ ಸಾಕಾಗಿ ಬಡಾವಣೆಯವರು ಮಕ್ಕಳನ್ನೆಲ್ಲ ಇಲ್ಲಿಗೇ ತರಲು ಹೊರಟರು. ಬೇಸಿಗೆ ರಜೆಗೆ ಮುಂಚೆ ಪಾಲಕರ ಸಭೆ ಕರೆದಾಗ ಸಮಿತಿಯ ಅಧ್ಯಕ್ಷ ಕಪಿಲ ಎದ್ದು ನಿಂತ. ಕಬ್ಬಿಣ ಸಿಮೆಂಟಿನ ದೊಡ್ಡ ಅಂಗಡಿಯವನು, ಮನುಷ್ಯ ಕೆಟ್ಟವನೇನಲ್ಲ.

"ನೋಡ್ರಿ, ಬೆಂಚ್ ನಾವು ಕೊಡ್ಸೀವಿ, ಫ್ಯಾನ್ ನಾವು ಕೊಡ್ಸೀವಿ. ಈಗ ನಮ್ಮ ಮಕ್ಕಳಿಗೇ ಜಾಗಾ ಇಲ್ಲಂದ್ರ ಹ್ಯಾಂಗ್ರಿ? ಇನ್ನ ಮ್ಯಾಲ ಬಡಾವಣಿ ಮಕ್ಕಳಿಗಷ್ಟೇ ಸೀಟ್ ಕೊಡೋಣ. ಗೇಟಿನ ಆಚಿ ಮಂದಿಗಿ ಅವರ ಸಾಲಿ ಅದ ಅಲ್ಲ? ಈಗ ಒಳಗಿದ್ದ ಮಕ್ಕಳು ಇರ್ಲಿ, ಅವರಿಗಿ ಯಾರೂ ಹೊರಗ ಹಾಕಲ್ಲ. ಒಪ್ಪಿಗಿ ಇದ್ದವರು ಕೈ ಎತ್ರಿ."

ಆಚೆಯ ಮಂದಿ ಎಂದರೆ ತಾವೇ ಎಂದು ಅಂಬೂಬಾಯಿಗೆ ಹೊಳೆಯಲು ಒಂದು ಗಳಿಗೆ ಹಿಡಿಯಿತು. ಅಷ್ಟರಲ್ಲಿ ಮುಂದಿನ ಸಾಲಿನ ಕೈಗಳೆಲ್ಲ ಮೇಲಿದ್ದವು. ಹಿಂದಿನ ಬೆಂಚಿನ ತುದಿಯಲ್ಲಿ ಕೂತ ಆಕೆ ಆಚೀಚೆ ನೋಡಿದಳು. ಹೋದ ವರ್ಷ ಗಲ್ಲಿಯಿಂದ ಮಕ್ಕಳನ್ನು ಸೇರಿಸಿದ್ದ ಇನ್ನೆರಡು ಮನೆಯವರು ಭಟ್ಟಿ ಕೆಲಸ ಬಿಟ್ಟು ಸಭೆಗೆ ಬಂದಿರಲಿಲ್ಲ. ಬಾಗಿಲ ಬಳಿ ಪ್ರಣಾಲಿಯ ಟೀಚರು ನಿಂತು ಯಾರು ಎತ್ತಿದರು, ಯಾರು ಎತ್ತಲಿಲ್ಲ ಎಂದು ನೋಡುತ್ತಿದ್ದರು. ಎತ್ತದಿದ್ದರೆ ಎಲ್ಲರೂ ತಿರುಗುತ್ತಾರೆ. ನಾಳೆಯಿಂದ ತನ್ನ ಮಗಳು ಜಗಳಗಂಟಿಯ ಮಗಳು. ಒಳಗಿದ್ದವರು ಇರಲಿ ಎಂದವರೇ ಇವತ್ತಲ್ಲ ನಾಳೆ ಬೇಡವೆಂದರೆ? ಶಾಕಿರಾಳ ಸಣ್ಣಾಕಿ ಕಣ್ಣೆದುರು ಬಂದಳು. ಪ್ರಣಾಲಿಯೂ ಬಂದಳು. ಅಂಬೂಬಾಯಿಯ ಕೈ ಮೇಲೆ ಹೋಯಿತು.

ಬಡಾವಣೆಯ ಮಕ್ಕಳಿಗಷ್ಟೇ ಸೀಟು ಎಂಬ ಠರಾವು ಪಾಸಾಯಿತು. ಮನೆಗೆ ಬಂದವಳೇ ಶಾಕಿರಾಳನ್ನು ಕೂರಿಸಿಕೊಂಡು ನಡೆದದ್ದೆಲ್ಲ ಹೇಳಿದಳು. ಶಾಕಿರಾ ತವೆಯ ಮೇಲಿನ ರೊಟ್ಟಿ ಮಗುಚಿದಳು, ಬಟ್ಟೆಯಿಂದ ಅದರ ಅಂಚು ಒತ್ತಿದಳು, ಕೆಳಗಿಳಿಸಿದಳು.

"ಬೈಯೇ ಶಾಕಿರಾ, ಸುಮ್ಮ ಯಾಕ ಕೂತಿ?"

"ಏನಂತ ಬೈಲಿ ಅಕ್ಕಾ? ನಿನ್ನ ಜಾಗಾದಾಗ ನಾ ಇದ್ರೂ ಎತ್ತತಿದ್ದೆ," ಎಂದು ಶಾಕಿರಾ ಇನ್ನೊಂದು ರೊಟ್ಟಿಗೆ ಕೈ ಚಾಚಿದಳು.

ಬೈದಿದ್ದರೆ ಅಂಬೂಬಾಯಿ ತಿರುಗಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದಳು. ಅವತ್ತು ಊಟ ಸೇರಲಿಲ್ಲ.

ಮರುದಿನ ಶಿವರಾಜಪ್ಪ ಬೀದರದ ಬಸ್ಸಿಳಿದು ಶಾಲೆಗೆ ಬರುವ ಹೊತ್ತಿಗೆ ಆಕೆ ಅವರ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅವರು ಚೀಲ ಇಡುವುದಕ್ಕೂ ಬಿಡಲಿಲ್ಲ.

"ಸರ್, ನಿನ್ನಿ ನಾ ಮನಸಿಲೇ ಕೈ ಎತ್ತಿಲ್ರಿ. ಅಂಜಿ ಎತ್ತೀನಿ. ನಂದೊಂದು ತೆಗದು ಹಾಕ್ರಿ."

"ಕೂಡ್ರಿ ಅಂಬೂಬಾಯಿ. ನಿಮ್ಮ ಮಗಳಿಗಿ ಏನೂ ತೊಂದ್ರಿ ಇಲ್ಲಲ್ರಿ. ನೀವು ಆ ಗಲ್ಲಿ ಮಂದಿಗತೆ ಅಲ್ಲ, ನೀವು ಬ್ಯಾರೆ."

"ನಾ ಬ್ಯಾರೆ ಏನಲ್ರಿ. ಹೋದ ವರ್ಷ ನಿಮ್ಮಲ್ಲಿ ಬೆಂಚ್ ಖಾಲಿ ಇದ್ವು, ಈ ವರ್ಷ ಇಲ್ಲ. ಅಷ್ಟೇ ಫರಕ್ ಅದ."

ಶಿವರಾಜಪ್ಪನವರ ಮುಖ ಸಣ್ಣದಾಯಿತು. ಗೇಟು ದಾಟಿ ಬಂದು ಕರೆದವರು ಅವರೇ ಅಲ್ಲವೆ? ಚೀಲ ಮೇಜಿನ ಮೇಲಿಟ್ಟು ಕುರ್ಚಿ ಎಳೆದು ಕೂತರು.

"ಒಂದು ಕೈ ತೆಗದ್ರ ಠರಾವು ಬೀಳಲ್ರಿ. ಸಾಲಿ ಸುರು ಆದ ಮ್ಯಾಲ ಮತ್ತೊಂದು ಸಭಾ ಅದ. ಅಲ್ಲಿ ಎಲ್ಲರ ಮುಂದ ಮಾತಾಡ್ತೀರೇನು?"

ಸುಳ್ಳು ಯಾಕೆ, ಮಗಳಿಗೆ ಏನಾದೀತೋ ಎಂಬ ಹೆದರಿಕೆ ಅಂಬೂಬಾಯಿಗೆ ಇನ್ನೂ ಹೋಗಿರಲಿಲ್ಲ.

"ಮಾತಾಡ್ತೇನ್ರಿ. ಶಾಕಿರಾಗೂ ಕರಕೊಂಡು ಬರ್ತೇನಿ. ಆಕಿ ಮಗಳ ಮಾತು ಆಕಿನೇ ಹೇಳ್ಲಿ."

"ಆಕಿಗಿ ಕೂಡಿಸ್ಲಿಕ್ಕ ಬರಲ್ರಿ," ಎಂದರು ಶಿವರಾಜಪ್ಪ ಮೆಲ್ಲಗೆ. "ಆಕಿ ಮಗಳು ಈ ಸಾಲ್ಯಾಗ ಇಲ್ಲಲ್ಲ. ಸಭಾ ಇಲ್ಲಿ ಪಾಲಕರಿಗಷ್ಟೇ."

ಅಂಬೂಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಹೌದಲ್ರಿ ಸರ್. ನಿನ್ನಿನೂ ಆಚಿ ಮಂದ್ಯಾಗ ಒಳಗ ಕೂತಾಕಿ ನಾ ಒಬ್ಬಾಕಿನೇ ಇದ್ದೆ," ಎಂದಳು. "ಆ ಒಬ್ಬಾಕಿನೇ ಕೈ ಎತ್ತಿ ಬಂದೀನಿ."