ಪಾಲಿಶ್ ಆಗದ ಕಲ್ಲು

ಗೆಳೆಯರೇ, ಚಾಮರಾಜಪೇಟೆಯ ನಮ್ಮ ಹಳೇ ಸ್ಟೇಡಿಯಂ ಹೊಸದಾಗುತ್ತಿರುವುದನ್ನು ನೋಡಲು ಹೋಗಿ, ಇವತ್ತು ಬೆಳಿಗ್ಗೆ ಒಂದು ಜಗಳ ನೋಡಿಕೊಂಡು ಬಂದೆ.

ಪಕ್ಕದ ಮನೆಯ ಅನಂತರಾಮಯ್ಯನವರು ಇಂಜಿನಿಯರ್ ದಿವ್ಯಾ ಅವರನ್ನು ಗ್ಯಾಲರಿಯ ಕೆಳಗೆ ತಡೆದು ನಿಲ್ಲಿಸಿದ್ದರು. "ಏನಮ್ಮಾ, ಕೂರೋ ಮೆಟ್ಟಿಲಿಗೆ ಕಿತ್ತ ಹಳೇ ಕಲ್ಲನ್ನೇ ಮತ್ತೆ ಹಾಕ್ಸಿದೀರಲ್ಲ. ಗ್ರಾನೈಟ್ ಹಾಕ್ಸೋಕೇನು ಕಷ್ಟ?"

"ಇವು ಇನ್ನೂ ಗಟ್ಟಿಯಾಗಿವೆ ಸರ್. ಬಿಸಾಕಿದ್ರೆ ಇನ್ನೊಂದು ಬೆಟ್ಟ ಒಡೀಬೇಕು. ಚಾವಣಿ ಮೇಲಿನ ಮಳೆನೀರನ್ನೂ ಮೈದಾನದ ಹುಲ್ಲಿಗೇ ಬಿಡ್ತಿದೀವಿ."

"ಹೋಗ್ಲಿ, ಪಾಲಿಶ್ ಆದ್ರೂ ಮಾಡ್ಸಿ. ಯಾರ್ಯಾರೋ ಬರೀ ಗೀಚಿ ಇಟ್ಟಿದಾರೆ."

ಹಾಗೆನ್ನುತ್ತಲೇ ಮೇಲೆ ಹತ್ತಿದವರು ಒಂದು ಕಲ್ಲಿನ ಮುಂದೆ ನಿಂತುಬಿಟ್ಟರು. ಅದರ ಮೇಲೆ ಮೊಳೆಯಿಂದ ಕೊರೆದ ಚೌಕಾಬಾರದ ಮನೆಗಳಿದ್ದವು. ಕಾಲೇಜಿಗೆ ಚಕ್ಕರ್ ಹೊಡೆದು ಮ್ಯಾಚ್ ನೋಡಲು ಬರುತ್ತಿದ್ದಾಗ ಅವರೇ ಕೊರೆದದ್ದಂತೆ.

"ಅದನ್ನ ಮಗುಚಿ ಹಾಕೋಕೆ ಮನಸ್ಸು ಬರ್ಲಿಲ್ಲ ಸರ್," ಎಂದರು ದಿವ್ಯಾ.

ಅನಂತರಾಮಯ್ಯನವರು ಗೀಟುಗಳಲ್ಲಿದ್ದ ಸಿಮೆಂಟ್ ಧೂಳನ್ನು ಬೆರಳಿನಿಂದ ತೆಗೆಯುತ್ತಾ ಕೂತರು. ನನಗೆ ಆ ಹುಡುಗಿಗೆ ಕೈಮುಗಿಯಬೇಕೆನಿಸಿತು.

ಸಂಜೆ ಮತ್ತೆ ಹೋದೆ. ಬಸ್ಸಿನ ಸೀಟು ಹಿಡಿಯುವವರ ಹಾಗೆ ಆ ಕಲ್ಲಿನ ಮೇಲೆ ಯಾರೋ ಟವೆಲ್ ಹಾಕಿದ್ದರು. ಟವೆಲ್ ನಮ್ಮ ಪಕ್ಕದ ಮನೆಯದೇ. ಸ್ಟೇಡಿಯಂ ಉದ್ಘಾಟನೆ ಇನ್ನೂ ಆಗಿಲ್ಲ. ಮೊದಲ ಸೀಟು ಆಗಲೇ ರಿಸರ್ವ್.